ಹೊಡೆತ ತಿನ್ನುವವನ ಕೈಯಲ್ಲಿ ಕಾಳಗ

ಕಡಲುಗಳ್ಳ ಮರದ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ. ತೊಡೆಯ ಮೇಲೆ ಗಿಡ್ಡನೆಯ ಬಾಗುಗತ್ತಿ, ಬಲಗೈಯಲ್ಲಿ ಅರ. ಎಡಗೈಯ ಹೆಬ್ಬೆರಳನ್ನು ಅಲಗಿನ ಉದ್ದಕ್ಕೂ ಮೆಲ್ಲಗೆ ಸವರಿಕೊಂಡು ಹೋಗುವುದು, ಒಂದು ಕಡೆ ತಡೆಯುವುದು, ಅಲ್ಲಿ ನಾಲ್ಕೈದು ಸಲ ಅರ ಆಡಿಸುವುದು, ಎಣ್ಣೆಬಟ್ಟೆಯಿಂದ ಒರೆಸುವುದು, ಮತ್ತೆ ಹೆಬ್ಬೆರಳು ಮುಂದಕ್ಕೆ. ನಮ್ಮ ಕಡೆ ಮೀನು ಹೆಚ್ಚುವವರು ಕತ್ತಿ ಮಸೆಯುವುದನ್ನು ನೋಡಿ ಬೆಳೆದವನು ನಾನು. "ಹರಿತ ಮಾಡುತ್ತಿದ್ದೀರಾ?" ಎಂದು ಕೇಳಿದೆ.

"ಇಲ್ಲ, ಹರಿತ ತೆಗೆಯುತ್ತಿದ್ದೇನೆ" ಎಂದರು ಅವರು. ಕುಳಿತಲ್ಲಿಂದಲೇ ಕತ್ತಿಯನ್ನು ಹಿಡಿಯ ಕಡೆಯಿಂದ ನನ್ನತ್ತ ಚಾಚಿದರು. ಅಂಚು ನನ್ನ ಕಿರುಬೆರಳಿನಷ್ಟು ಮೊಂಡು, ತುದಿ ದುಂಡು. ಆದರೆ ಉಕ್ಕಿಗೆ ಉಕ್ಕು ಬಡಿದಾಗ ಅಲಗಿನಲ್ಲಿ ಕಚ್ಚು ಬೀಳುತ್ತದೆ, ಕಚ್ಚಿನ ಪಕ್ಕದಲ್ಲಿ ಒಂದು ಸಿಬಿರು ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಚರ್ಮಕ್ಕೆ ತಾಗಿದರೆ ಕ್ಷೌರದ ಬ್ಲೇಡಿನ ಹಾಗೆ ಸೀಳುತ್ತದೆ. ಅದಕ್ಕೇ ಪ್ರತಿ ಆಟ ಮುಗಿದ ಮೇಲೂ, ಪ್ರತಿ ಆಟಕ್ಕೆ ಮೊದಲೂ ಈ ಕೆಲಸ. ನನಗೆ ಕಾಣಿಸಲೆಂದು ಅವರು ತಮ್ಮ ಅಂಗೈಯನ್ನು ಅಲಗಿನ ಮೇಲೆ ಒತ್ತಿ ಎಳೆದರು. ಗೀರೂ ಬೀಳಲಿಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಎಂಬ ಬಂದರು ಊರಿನಲ್ಲಿ, ನದಿಯ ದಂಡೆಯ ಹುಲ್ಲುಹಾಸಿನ ಮೇಲೆ ಬೆಳಿಗ್ಗೆ ಎಂಟೂವರೆಗೆ ನಡೆದ ಮಾತು ಇದು. ಮಗಳು ರಿಚ್ಮಂಡ್‌ನಲ್ಲಿದ್ದಾಳೆ, ಅಲ್ಲಿಂದ ಎರಡು ಗಂಟೆಯೊಳಗಿನ ದಾರಿ. ಕಡಲುಗಳ್ಳರ ಹಬ್ಬ ನೋಡಬೇಕೆಂದು ಹಟ ಹಿಡಿದವಳು ಒಂಬತ್ತು ವರ್ಷದ ಮೊಮ್ಮಗಳು. "ಅಜ್ಜ, ನಿಜವಾಗಿ ಕತ್ತಿಯಲ್ಲಿ ಹೊಡೆದಾಡ್ತಾರೆ" ಎಂದು ಹೇಳಿಯೇ ಅವಳು ನನ್ನನ್ನು ಹೊರಡಿಸಿದ್ದು.

ಅವಳಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹೊನ್ನಾವರ ತಾಲೂಕಿನ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದಾಗ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ನಾಟಕ ಮಾಡಿಸುತ್ತಿದ್ದೆ. ಒಂದು ವರ್ಷ ಅಭಿಮನ್ಯುವಿನ ಕಥೆ. ಮರದ ಪಟ್ಟಿಗೆ ತಗಡು ಹೊಡೆದು ಕತ್ತಿ ಮಾಡಿಸಿದ್ದೆ. ಮಾತುಗಳನ್ನು ಒಂದು ತಿಂಗಳು ಬಾಯಿಪಾಠ ಮಾಡಿಸಿದೆ, ಕಾಳಗವನ್ನು ಮಾತ್ರ "ರಂಗದ ಮೇಲೆ ಹುರುಪಿನಿಂದ ಮಾಡಿ" ಎಂದು ಬಿಟ್ಟುಬಿಟ್ಟೆ. ಹುರುಪಿನಲ್ಲಿ ಒಬ್ಬ ಹುಡುಗನ ಹುಬ್ಬು ಸೀಳಿತು. ಮೂರು ಹೊಲಿಗೆ ಬಿದ್ದವು. ಗಾಯ ಕಣ್ಣಿಗಿಂತ ಒಂದು ಬೆರಳು ಮೇಲಿತ್ತು. ಅವನ ತಂದೆ ನನಗೆ ಒಂದು ಮಾತನ್ನೂ ಆಡಲಿಲ್ಲ, ಆಡಿದ್ದರೆ ಹಗುರವಾಗುತ್ತಿತ್ತೇನೋ. ಹ್ಯಾಂಪ್ಟನ್‌ನ ಆ ಹುಲ್ಲುಹಾಸಿನ ಮೇಲೆ ಮೊಂಡುಗತ್ತಿಯನ್ನು ಕೈಯಲ್ಲಿ ಹಿಡಿದಾಗ ಮೊದಲು ನೆನಪಾದದ್ದು ಆ ಹುಡುಗ.

ಹ್ಯಾಂಪ್ಟನ್ನಿಗೂ ಕಡಲುಗಳ್ಳರಿಗೂ ಇರುವ ನಂಟು ಬರಿಯ ಹಬ್ಬದ್ದಲ್ಲ. ಬ್ಲ್ಯಾಕ್‌ಬಿಯರ್ಡ್, ಎಂದರೆ ಕರಿಗಡ್ಡದವನು, ಎಂದು ಹೆಸರಾದ ಎಡ್ವರ್ಡ್ ಟೀಚ್ 1718ರ ಹೊತ್ತಿಗೆ ಈ ಕರಾವಳಿಯ ವ್ಯಾಪಾರಿಗಳ ನಿದ್ದೆ ಕೆಡಿಸಿದ್ದ. ವರ್ಜೀನಿಯಾದ ಗವರ್ನರ್ ಅಲೆಕ್ಸಾಂಡರ್ ಸ್ಪಾಟ್ಸ್‌ವುಡ್ ಅವನ ಮೇಲೆ ಪಡೆ ಕಳಿಸಿದ. ಟೀಚ್ ಅಡಗಿದ್ದದ್ದು ಪಕ್ಕದ ನಾರ್ತ್ ಕ್ಯಾರೊಲೈನಾದ ನೀರಿನಲ್ಲಿ. ಅಲ್ಲಿ ಸ್ಪಾಟ್ಸ್‌ವುಡ್‌ನ ಅಧಿಕಾರ ನಡೆಯುತ್ತಿರಲಿಲ್ಲ, ಆದರೂ ಕಳಿಸಿದ. ನೌಕಾಪಡೆಯ ದೊಡ್ಡ ಹಡಗುಗಳು ಆ ತೆಳುನೀರಿನಲ್ಲಿ ಓಡಲಾರವು. ಆದ್ದರಿಂದ ಜೇನ್ ಮತ್ತು ರೇಂಜರ್ ಎಂಬ ಎರಡು ಸಣ್ಣ ಹಾಯಿಹಡಗುಗಳಲ್ಲಿ ಲೆಫ್ಟಿನೆಂಟ್ ರಾಬರ್ಟ್ ಮೇನಾರ್ಡ್ ಹೋದ. 1718ರ ನವೆಂಬರ್ 22ರಂದು ಒಕ್ರಕೋಕ್ ದ್ವೀಪದ ಬಳಿ ಕಾಳಗವಾಯಿತು. ಟೀಚ್ ಸತ್ತ. ಅವನ ತಲೆಯನ್ನು ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಮರಕ್ಕೆ ತೂಗುಹಾಕಿಕೊಂಡು ಮೇನಾರ್ಡ್ ಹಿಂದಿರುಗಿದ್ದು ಇಲ್ಲಿಗೆ. ಆ ತಲೆಯನ್ನು ಹ್ಯಾಂಪ್ಟನ್ ನದಿಯ ಅಳಿವೆಯಲ್ಲಿ ಕಂಬಕ್ಕೆ ಸಿಕ್ಕಿಸಿ ನಿಲ್ಲಿಸಿದ್ದರೆಂದು ಊರಿನವರು ಹೇಳುತ್ತಾರೆ. ಆ ಜಾಗವನ್ನು ಈಗಲೂ ಬ್ಲ್ಯಾಕ್‌ಬಿಯರ್ಡ್ಸ್ ಪಾಯಿಂಟ್ ಎಂದೇ ಕರೆಯುತ್ತಾರೆ.

ಹಬ್ಬದ ದಿನ ಪೇಟೆಯಲ್ಲಿ ಅರ್ಧ ಜನ ವೇಷದಲ್ಲೇ ಇರುತ್ತಾರೆ. ಮೂರು ಮೂಲೆಯ ಟೊಪ್ಪಿಗೆ, ಸೊಂಟಕ್ಕೆ ಕೆಂಪು ಪಟ್ಟಿ, ಹೆಗಲ ಮೇಲೆ ಗೊಂಬೆಗಿಳಿ. ಅವರೆಲ್ಲ ಜಾತ್ರೆಗೆ ಬಂದವರು. ನಾನು ಹೇಳಹೊರಟದ್ದು ಕತ್ತಿ ಹಿಡಿದು ಆಡುವ ತಂಡದ ಬಗ್ಗೆ. ಒಟ್ಟು ಹನ್ನೊಂದು ಜನ, ಅವರಲ್ಲಿ ನಾಲ್ವರು ಹೆಂಗಸರು. ಯಾರಿಗೂ ಇದೇ ಹೊಟ್ಟೆಪಾಡಲ್ಲ. ಒಬ್ಬರು ಆಸ್ಪತ್ರೆಯಲ್ಲಿ ನರ್ಸು, ಒಬ್ಬರು ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುವವರು, ಒಬ್ಬರು ಶಾಲೆಯಲ್ಲಿ ಇತಿಹಾಸ ಕಲಿಸುವವರು. ಅರ ಹಿಡಿದು ಕುಳಿತಿದ್ದವರು ತಂಡದ ಮುಖ್ಯಸ್ಥರು, ಕರಿಗಡ್ಡದವನ ಪಾತ್ರವೂ ಅವರದೇ. ಗಡ್ಡ ಸ್ವಂತದ್ದು. ನಾನು ಮಕ್ಕಳ ನಾಟಕ ಮಾಡಿಸುತ್ತಿದ್ದ ಮೇಷ್ಟರೆಂದು ಮಗಳು ಹೇಳಿದಳು. ಅವರು ಗಡಿಯಾರ ನೋಡಿಕೊಂಡು, "ಹಾಗಾದರೆ ಆಟ ನೋಡುವುದಕ್ಕೆ ಮೊದಲು ಇದನ್ನು ನೋಡಿ" ಎಂದು ಆಟದ ಜಾಗದ ಸುತ್ತ ಕಟ್ಟಿದ್ದ ಹಗ್ಗದ ಒಳಗೆ ಬಿಟ್ಟುಕೊಂಡರು.

ಅವರು 'ಇದು' ಎಂದದ್ದಕ್ಕೆ ಅಲ್ಲಿ ಫೈಟ್ ಕಾಲ್ ಎನ್ನುತ್ತಾರೆ. ಇಂಗ್ಲಿಷ್ ರಂಗಭೂಮಿಯಲ್ಲಿ ಕಾಳಗವಿರುವ ಯಾವ ನಾಟಕವಾದರೂ ಪ್ರದರ್ಶನಕ್ಕೆ ಮೊದಲು ಇದು ನಡೆಯಲೇಬೇಕು. ನೂರನೆಯ ಪ್ರದರ್ಶನವಾದರೂ ಬಿಡುವಂತಿಲ್ಲ. ಇಡೀ ಕಾಳಗವನ್ನು ಮೊದಲು ಅರ್ಧ ವೇಗದಲ್ಲಿ, ಆಮೇಲೆ ಸ್ವಲ್ಪ ಏರಿಸಿ, ಒಂದು ಹೆಜ್ಜೆಯನ್ನೂ ಬಿಡದೆ ಆಡುತ್ತಾರೆ. ಮಾತಿಲ್ಲ, ಅಬ್ಬರವಿಲ್ಲ, ವೇಷವೂ ಅರ್ಧಂಬರ್ಧ. ನೀರಿನೊಳಗೆ ನಡೆಯುವವರ ಹಾಗೆ ಇಬ್ಬರು ಎದುರುಬದುರು ತೇಲುತ್ತಾರೆ. ಕತ್ತಿ ಮೇಲೇಳುತ್ತದೆ, ಇನ್ನೊಂದು ಕತ್ತಿ ಬಂದು ತಡೆಯುತ್ತದೆ, ಟಿಣ್ ಎಂಬ ಸಣ್ಣ ಸದ್ದು. ತಡೆಗಳಿಗೆಲ್ಲ ಅಂಕಿಯ ಹೆಸರುಗಳಿವೆ. ತಲೆಯ ಮೇಲೆ ಅಡ್ಡ ಹಿಡಿಯುವುದು 'ಐದು'. ಪ್ರತಿಯೊಂದು ಸರಣಿ ಶುರುವಾಗುವ ಮೊದಲು ಇಬ್ಬರೂ ಕಣ್ಣಿಗೆ ಕಣ್ಣು ಕೂಡಿಸುತ್ತಾರೆ. ಕೂಡದಿದ್ದರೆ ಕತ್ತಿ ಏಳುವುದಿಲ್ಲ.

ಬಹಳ ಹೊತ್ತು ನೋಡಿದ ಮೇಲೆ ನನಗೆ ಹೊಳೆದದ್ದು, ಹೊಡೆಯುವವರು ಎಲ್ಲೂ ಮೊದಲು ಹೊಡೆಯುತ್ತಿರಲಿಲ್ಲ. ಅವರು ಕತ್ತಿಯನ್ನು ಎತ್ತಿ ತೋರಿಸುತ್ತಾರೆ. ಎದುರಿನವರು 'ಕಂಡೆ' ಎಂಬಂತೆ ಅಲುಗುತ್ತಾರೆ, ತಡೆ ಹಿಡಿಯುತ್ತಾರೆ. ಆಮೇಲೆ ಹೊಡೆತ ಬರುತ್ತದೆ. ಬರುವಾಗಲೂ ಗುರಿ ಮೈಗಲ್ಲ, ಮೈಯಿಂದ ಆಚೆಗೆ ಒಂದು ಗೇಣು ಗಾಳಿಗೆ. ಇಬ್ಬರ ನಡುವಿನ ಅಂತರ ಎಷ್ಟೆಂದರೆ, ತಡೆ ತಪ್ಪಿದರೂ ಕತ್ತಿಯ ತುದಿ ಎದುರಿನವರ ಅಂಗಿಗೆ ಮುಟ್ಟದು. ತಿವಿಯುವುದು ಪ್ರೇಕ್ಷಕರಿಗೆ ಕಾಣದ ಬದಿಯಲ್ಲಿ, ಪಕ್ಕೆಯ ಆಚೆಗೆ. ಕೆನ್ನೆಗೆ ಬಿದ್ದ ಏಟಿನ ಸದ್ದು ಬರುವುದು ಕೆನ್ನೆಯಿಂದಲ್ಲ. ಏಟು ತಿಂದವರು ಅದೇ ಕ್ಷಣ ತಮ್ಮ ಎದೆಗೋ ಅಂಗೈಗೋ ತಟ್ಟಿಕೊಳ್ಳುತ್ತಾರೆ.

ಇನ್ನೊಂದು ದೃಶ್ಯವನ್ನು ಹತ್ತಿರದಿಂದ ಕಂಡೆ. ನರ್ಸು ಎಂದೆನಲ್ಲ, ಅವರದು ಸೆರೆಸಿಕ್ಕ ಹಡಗಿನ ಯಜಮಾನಿಯ ಪಾತ್ರ. ಕಡಲುಗಳ್ಳ ಅವರ ಕೂದಲು ಹಿಡಿದು ರಂಗದ ಉದ್ದಕ್ಕೂ ಎಳೆಯಬೇಕು. ಅವರಿಗಿಂತ ಒಂದೂವರೆ ಪಾಲು ಗಾತ್ರದ ಮನುಷ್ಯ ಬಂದು ಮುಷ್ಟಿ ಕಟ್ಟಿ ನೆತ್ತಿಯ ಮೇಲಿಟ್ಟರು. ಬೆರಳುಗಳಲ್ಲಿ ಒಂದು ಎಳೆ ಕೂದಲೂ ಇಲ್ಲ. ಆಕೆ ಎರಡೂ ಕೈಯಿಂದ ಆ ಮುಷ್ಟಿಯನ್ನು ತಮ್ಮ ತಲೆಗೆ ಒತ್ತಿ ಹಿಡಿದುಕೊಂಡರು. ದೂರಕ್ಕೆ ಅದು ಬಿಡಿಸಿಕೊಳ್ಳಲು ಒದ್ದಾಡಿದಂತೆ ಕಾಣುತ್ತದೆ. ಆಮೇಲೆ ಅವರೇ ನಡೆದರು, ಅವರೇ ಮುಗ್ಗರಿಸಿದರು, ಅವರೇ ತಿರುಗಿದರು. ಎಳೆಯುವವರು ಬರಿಯ ಹಿಂಬಾಲಿಸಿದರು. ಆಕೆ ಕೈ ಸಡಿಲಿಸಿದ ಕ್ಷಣಕ್ಕೆ ಆಟ ನಿಂತಿತು.

"ಹೊಡೆತ ತಿನ್ನುವವರ ಕೈಯಲ್ಲೇ ಕಾಳಗ ಇರಬೇಕು. ನಾವು ಮೊದಲ ದಿನ ಕಲಿಸುವುದೂ ಇದನ್ನೇ, ಕೊನೆಯ ದಿನ ಕಲಿಸುವುದೂ ಇದನ್ನೇ" ಎಂದರು ಆಕೆ, ಕೂದಲು ಸರಿಮಾಡಿಕೊಳ್ಳುತ್ತ.

ಮೂರು ದಶಕ ನಾಟಕ ಮಾಡಿಸಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅಮೆರಿಕದಲ್ಲಿ ರಂಗದ ಕಾಳಗಕ್ಕೆಂದೇ 1977ರಲ್ಲಿ ಹುಟ್ಟಿದ ಒಂದು ಸಂಘವಿದೆ, ಸೊಸೈಟಿ ಆಫ್ ಅಮೆರಿಕನ್ ಫೈಟ್ ಡೈರೆಕ್ಟರ್ಸ್. ಬರಿಗೈ, ಉದ್ದಗತ್ತಿ, ಕತ್ತಿ ಗುರಾಣಿ, ದೊಣ್ಣೆ, ಚೂರಿ ಎಂದು ಒಂದೊಂದು ಆಯುಧಕ್ಕೂ ಬೇರೆ ತರಬೇತಿ, ಬೇರೆ ಪರೀಕ್ಷೆ. ಈ ತಂಡದವರಲ್ಲಿ ಮೂವರು ಆ ಪರೀಕ್ಷೆಗಳಲ್ಲಿ ಕೆಲವನ್ನು ಮುಗಿಸಿದವರು. ಉಳಿದವರು ಅವರಿಂದ ಕಲಿತವರು. ಸಿನಿಮಾದ ಕಡೆಯಿಂದ ನೋಡಿದರೂ ಹಾಗೆಯೇ. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಮೊದಲ ಚಿತ್ರದ ಕತ್ತಿವರಸೆ ಹೇಳಿಕೊಟ್ಟ ಬಾಬ್ ಆಂಡರ್ಸನ್ 1952ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಕತ್ತಿ ಹಿಡಿದಿದ್ದವರು. ಎದುರಾಳಿಗೆ ಮುಟ್ಟಿಸುವುದನ್ನೇ ಕಲಿತಿದ್ದ ಕೈ ಅದು. ಮುಟ್ಟದಂತೆ ಹೊಡೆಯುವುದನ್ನು ಆಮೇಲೆ ಮೂರು ತಲೆಮಾರಿನ ನಟರಿಗೆ ಕಲಿಸಿತು.

ನಮ್ಮಲ್ಲಿ ಕಾಳಗ ಹೇಗೆ ಎಂದು ಮುಖ್ಯಸ್ಥರು ಕೇಳಿದರು. ಯಕ್ಷಗಾನದ ಬಗ್ಗೆ ಹೇಳಿದೆ. ಗುಣವಂತೆಯ ಕೆರೆಮನೆ ಮೇಳದ ಆಟಗಳನ್ನು ಹುಡುಗನಾಗಿದ್ದಾಗಿನಿಂದ ನೋಡಿದವನು ನಾನು. ನಮ್ಮಲ್ಲಿ ಯುದ್ಧವೂ ಕುಣಿತವೇ, ಭಾಗವತರ ತಾಳ ಇಬ್ಬರನ್ನೂ ಹಿಡಿದು ನಡೆಸುತ್ತದೆ, ಚಂಡೆ ಏರಿದಂತೆ ಕಾಳಗ ಏರುತ್ತದೆ, ಆಯುಧ ಮೈ ಮುಟ್ಟುವ ಮಾತೇ ಇಲ್ಲ ಎಂದೆ. ಮೊಬೈಲಿನಲ್ಲಿದ್ದ ಒಂದು ತುಣುಕನ್ನೂ ತೋರಿಸಿದೆ. ಅವರು ಅದನ್ನು ಎರಡು ಸಲ ನೋಡಿದರು. "ನಿಮಗೆ ತಾಳ ಹೊರಗಿನಿಂದ ಬರುತ್ತದೆ, ನಮಗೆ ಕತ್ತಿಯ ಸದ್ದೇ ತಾಳ. ಸದ್ದು ತಪ್ಪಿತು ಎಂದರೆ ಏನೋ ಕೆಟ್ಟಿತು ಎಂದು ಗೊತ್ತಾಗುತ್ತದೆ" ಎಂದರು. ಹಗುರವಾದ ಅಲ್ಯೂಮಿನಿಯಂ ಕತ್ತಿ ಬಿಟ್ಟು ಅವರು ಉಕ್ಕಿನದನ್ನೇ ಬಳಸುವುದೂ ಈ ನಾದಕ್ಕಾಗಿಯೇ.

ಹನ್ನೊಂದಕ್ಕೆ ಆಟ. ಒಂದು ಗಂಟೆಯ ಹಿಂದೆ ತೇಲಿದವರೇ ಈಗ ಗುಡುಗಿದರು. ಕೋವಿಗಳು ಹಾರಿದವು, ಒಳಗೆ ಗುಂಡಿಲ್ಲ, ಬರಿಯ ಮದ್ದು. ಆದರೂ ಯಾರೂ ಯಾರತ್ತಲೂ ನೇರ ಗುರಿ ಹಿಡಿಯಲಿಲ್ಲ, ಎಲ್ಲರ ನಳಿಗೆಯೂ ನದಿಯ ಕಡೆಗೆ. ಒಂದು ಕೋವಿ ಕಿಡಿ ಕಾರಿ ಸುಮ್ಮನಾಯಿತು. ಹಿಡಿದವರು ಅದನ್ನು ನೀರಿನತ್ತ ಮಾಡಿಕೊಂಡು ಹಾಗೇ ನಿಂತರು, ಸಾಕಷ್ಟು ಹೊತ್ತು ಕಳೆಯುವ ತನಕ ಇಳಿಸಲಿಲ್ಲ. ಅಷ್ಟರಲ್ಲಿ ಮಿಕ್ಕವರು ಮಾತು ಬೆಳೆಸಿಕೊಂಡು ಆಟವನ್ನು ಎತ್ತಿಹಿಡಿದರು. ನದಿಯಲ್ಲಿ ಹಾಯಿಹಡಗಿನ ಫಿರಂಗಿ ನಮ್ಮ ತೇರಿನ ದಿನದ ಗರ್ನಾಲಿನಂತೆ ಎದೆಗೆ ಬಡಿಯಿತು. ಮೊಮ್ಮಗಳು ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಳು.

ಕೊನೆಯ ಕಾಳಗವನ್ನು ಅವರು 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಡಲುಗಳ್ಳರ ಇತಿಹಾಸವನ್ನು ಅನುಸರಿಸಿ ಕಟ್ಟಿದ್ದಾರೆ. ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್ ಎಂಬ ಹೆಸರಿನಲ್ಲಿ ಬಂದ ಪುಸ್ತಕ ಅದು. ಮೇನಾರ್ಡ್ ತನ್ನ ಜನರನ್ನು ಹಡಗಿನ ಅಟ್ಟದ ಕೆಳಗೆ ಅಡಗಿಸಿದ. ಖಾಲಿ ಹಡಗೆಂದು ನಂಬಿ ಟೀಚ್ ಹತ್ತಿ ಬಂದ. ಅಡಗಿದ್ದವರು ಮೇಲೆ ನುಗ್ಗಿದರು. ಮೇನಾರ್ಡ್‌ನ ಕತ್ತಿ ಕೈಕೊಟ್ಟಿತು. ಟೀಚ್ ಎತ್ತಿದ ಕೈ ಇಳಿಯುವ ಮೊದಲು ಪಕ್ಕದಿಂದ ಇನ್ನೊಬ್ಬ ಅವನ ಕುತ್ತಿಗೆಗೆ ಬೀಸಿದ. ಐದು ಗುಂಡೇಟು, ಇಪ್ಪತ್ತರಷ್ಟು ಕತ್ತಿಗಾಯ ಬಿದ್ದ ಮೇಲೆ ಅವನು ಉರುಳಿದನಂತೆ. ನಮ್ಮ ಮುಖ್ಯಸ್ಥರೂ ಹಾಗೆಯೇ ಉರುಳಿದರು, ಮೊಣಕಾಲು, ತೊಡೆ, ಪಕ್ಕೆ, ಭುಜ ಎಂದು ಒಂದೊಂದಾಗಿ ನೆಲಕ್ಕೆ ಕೊಟ್ಟು. ಜನ ಕೂಗಿದರು. ತಲೆ ಕಡಿಯುವುದನ್ನು ಅವರು ತೋರಿಸಲಿಲ್ಲ.

ಯಾಕೆ ತೋರಿಸಲಿಲ್ಲ ಎಂದು ಆಮೇಲೆ ಕೇಳಿದೆ. ಉತ್ತರ ಕೊಟ್ಟವರು ಇತಿಹಾಸದ ಮೇಷ್ಟರು. ಅವರು ಕಪ್ಪು ಜನಾಂಗದವರು, ಆಟದಲ್ಲಿ ಅವರದು ಸೀಸರ್ ಪಾತ್ರ. ಟೀಚ್ ಸೋತರೆ ಮದ್ದಿನ ಕೋಣೆಗೆ ಬೆಂಕಿಯಿಡಲು ಕಪ್ಪು ಆಳೊಬ್ಬ ನಿಂತಿದ್ದನೆಂದು ಜಾನ್ಸನ್ನನ ಪುಸ್ತಕ ಹೇಳುತ್ತದೆ, ಸೀಸರ್ ಎಂದರೆ ಅವನೇ ಎನ್ನುತ್ತಾರೆ. "ಮಕ್ಕಳು ಮುಂದಿನ ಸಾಲಿನಲ್ಲಿರುತ್ತಾರೆ, ಅದು ಒಂದು ಕಾರಣ. ಇನ್ನೊಂದು ಕಾರಣ ಬೇಕಾದರೆ ನನ್ನ ಜೊತೆ ಬನ್ನಿ" ಎಂದರು. ಆಟ ಇನ್ನೊಂದೇ ಬಾಕಿ ಇತ್ತು. ಸಂಜೆ ಅದು ಮುಗಿದ ಮೇಲೆ ಅವರ ಕಾರಿನ ಹಿಂದೆ ನಮ್ಮ ಕಾರು. ಹತ್ತು ನಿಮಿಷದಲ್ಲಿ ಫೋರ್ಟ್ ಮನ್ರೋ ಕೋಟೆ.

ಆ ಕೋಟೆ ಇರುವ ನೆಲ ಪಾಯಿಂಟ್ ಕಂಫರ್ಟ್. 1619ರ ಆಗಸ್ಟ್‌ನಲ್ಲಿ ಇಂಗ್ಲಿಷ್ ವರ್ಜೀನಿಯಾಕ್ಕೆ ಮೊದಲ ಆಫ್ರಿಕನ್ನರನ್ನು, ಇಪ್ಪತ್ತು ಚಿಲ್ಲರೆ ಜನರನ್ನು, ಇಳಿಸಿದ್ದು ಇಲ್ಲಿ. ಅಷ್ಟು ನನಗೂ ಗೊತ್ತಿತ್ತು. ಅವರನ್ನು ತಂದ ವೈಟ್ ಲಯನ್ ವ್ಯಾಪಾರದ ಹಡಗಲ್ಲ ಎಂಬುದು ಗೊತ್ತಿರಲಿಲ್ಲ. ಪರವಾನಗಿ ಪಡೆದು ಕಡಲಿನಲ್ಲಿ ಸುಲಿಯುತ್ತಿದ್ದ ಹಡಗು ಅದು. ಪೋರ್ಚುಗೀಸರ ಗುಲಾಮರ ಹಡಗನ್ನು ದೋಚಿತು. ದೋಚಿದ 'ಸರಕು' ಇಲ್ಲಿ ಇಳಿಯಿತು, ಆಹಾರಕ್ಕೆ ಬದಲಾಗಿ. ಬ್ಲ್ಯಾಕ್‌ಬಿಯರ್ಡ್‌ನ ದೊಡ್ಡ ಹಡಗು ಕ್ವೀನ್ ಆ್ಯನ್ಸ್ ರಿವೆಂಜ್ ಕೂಡ ಮೊದಲು ಲಾ ಕಾಂಕಾರ್ಡ್ ಎಂಬ ಫ್ರೆಂಚ್ ಗುಲಾಮರ ಹಡಗು. 1717ರ ನವೆಂಬರ್‌ನಲ್ಲಿ ಅವನ ಕೈಗೆ ಸಿಕ್ಕಾಗ ಅದರ ಹೊಟ್ಟೆಯಲ್ಲಿ ನೂರಾರು ಜನ ಸಂಕೋಲೆಯಲ್ಲಿದ್ದರು. ಅವರಲ್ಲಿ ಹೆಚ್ಚಿನವರನ್ನು ಅವನು ಬಿಡುಗಡೆ ಮಾಡಲಿಲ್ಲ, ಫ್ರೆಂಚರಿಗೇ ಬಿಟ್ಟುಹೋದ.

"ನಾನು ಈ ಆಟ ಆಡುತ್ತೇನೆ, ಯಾಕೆಂದರೆ ನಾನು ಆಡದಿದ್ದರೆ ಸೀಸರ್ ಆಟದಲ್ಲೇ ಇರುವುದಿಲ್ಲ. ಆದರೆ ಕಂಬದ ಮೇಲಿನ ತಲೆಯನ್ನು ತಮಾಷೆಯ ಸಾಮಾನು ಮಾಡಿದರೆ ನಾನು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಇವರು ಒಪ್ಪಿದರು" ಎಂದರು ಮೇಷ್ಟರು. ಎದುರಿಗೆ ಚೆಸಪೀಕ್ ಕೊಲ್ಲಿಯ ಬಾಯಿ, ನೀರು ಸೀಸದ ಬಣ್ಣ. ಮೊಮ್ಮಗಳು ಅವರ ಕತ್ತಿಯ ಬಗ್ಗೆ ಬೆಳಿಗ್ಗೆಯಿಂದ ಹತ್ತು ಪ್ರಶ್ನೆ ಕೇಳಿದ್ದಳು. ಅಲ್ಲಿ ಅವಳು ಕೇಳಿದ್ದು ಒಂದೇ: "ಅವರಲ್ಲಿ ಮಕ್ಕಳೂ ಇದ್ದರಾ?" ಹಡಗುಗಳಲ್ಲಿ ಮಕ್ಕಳೂ ಇರುತ್ತಿದ್ದರು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಮರುದಿನ ನಾವು ಮೇನಾರ್ಡ್ ಹೋದ ದಿಕ್ಕಿಗೇ ಹೊರಟೆವು. ನಮ್ಮದು ನೆಲದ ದಾರಿ. ನೀರಿನಡಿ ಸುರಂಗ ದಾಟಿ, ನಾರ್ಫೋಕ್ ಬಳಸಿ, ಔಟರ್ ಬ್ಯಾಂಕ್ಸ್ ಎಂಬ ಮರಳಿನ ಪಟ್ಟಿಯ ಮೇಲೆ ಅರ್ಧ ದಿನ. ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ತೆಳುನೀರಿನ ಹಿನ್ನೀರು, ನಡುವೆ ರಸ್ತೆಯಷ್ಟೇ ಎನ್ನುವಂಥ ಜಾಗಗಳೂ ಇವೆ. ಹ್ಯಾಟರಸ್‌ನಿಂದ ಒಕ್ರಕೋಕ್‌ಗೆ ಕಾರನ್ನೂ ಹತ್ತಿಸಿಕೊಂಡು ಒಯ್ಯುವ ಫೆರ್ರಿ, ಸುಮಾರು ಒಂದು ಗಂಟೆ, ದುಡ್ಡಿಲ್ಲ. ದಾರಿಯುದ್ದಕ್ಕೂ ಫೆರ್ರಿ ಹಾವಿನಂತೆ ಬಳುಕಿ ಹೋಗುತ್ತದೆ. ಮರಳದಿಬ್ಬಗಳು ಜಾಗ ಬದಲಿಸುತ್ತಲೇ ಇರುವುದರಿಂದ ನೇರ ದಾರಿಯೇ ಇಲ್ಲ. ಶರಾವತಿಯ ಅಳಿವೆಯಲ್ಲಿ ದೋಣಿ ನಡೆಸುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಹಡಗುಗಳನ್ನು ಬಿಟ್ಟು ಮೇನಾರ್ಡ್ ಸಣ್ಣವನ್ನು ಯಾಕೆ ತಂದ ಎಂಬುದು ಪುಸ್ತಕಕ್ಕಿಂತ ಆ ಫೆರ್ರಿಯ ಕಟಾಂಜನ ಹಿಡಿದು ನಿಂತಾಗ ಹೆಚ್ಚು ತಿಳಿಯಿತು.

ಒಕ್ರಕೋಕ್ ಊರಿನ ಅಂಚಿಗೆ ಸ್ಪ್ರಿಂಗರ್ಸ್ ಪಾಯಿಂಟ್ ಎಂಬ ಕಾಪಿಟ್ಟ ಕಾಡು. ಕಾರು ನಿಲ್ಲಿಸಲು ಜಾಗ ಕೊಟ್ಟಿಲ್ಲ, ನಡೆದೇ ಹೋಗಬೇಕು. ಗಾಳಿಗೆ ಮೈ ತಿರುಚಿಕೊಂಡು ಬೆಳೆದ ಹಳೆಯ ಓಕ್ ಮರಗಳು, ಕೆಳಗೆ ಮರಳುದಾರಿ, ಸೊಳ್ಳೆ ಬೇಕಾದಷ್ಟು. ದಾರಿ ಮುಗಿದಲ್ಲಿ ಸಣ್ಣ ದಂಡೆ. ಅದರ ಆಚೆಯ ನೀರಿನ ಮಡುವಿಗೆ ಟೀಚ್ಸ್ ಹೋಲ್ ಎಂದು ಹೆಸರು. ಕಾಳಗ ನಡೆದದ್ದು ಈ ಸುತ್ತಿನಲ್ಲಿ. ಸ್ಮಾರಕದ ಕಂಬವಿಲ್ಲ, ಫಿರಂಗಿಯಿಲ್ಲ. ಹೆಜ್ಜಾರ್ಲೆ ಹಕ್ಕಿಗಳು ಸಾಲುಗಟ್ಟಿ ನೀರಿನ ಮೇಲೆ ತಗ್ಗಾಗಿ ಹಾರಿಹೋದವು.

ಅಲ್ಲಿ ಕುಳಿತು ನಿನ್ನೆಯ ಆಟವನ್ನು ಮನಸ್ಸಿನಲ್ಲಿ ಮತ್ತೆ ಆಡಿಸಿದೆ. ನಿಜವಾದ ಕಾಳಗದಲ್ಲಿ ಯಾರೂ ಯಾರ ಕಣ್ಣನ್ನೂ ಕಾಯಲಿಲ್ಲ. ಹಡಗಿನ ಅಟ್ಟ ನಮ್ಮೂರ ಮನೆಯ ಜಗಲಿಯಷ್ಟು, ಅದರ ಮೇಲೆ ಹೊಗೆ, ರಕ್ತಕ್ಕೆ ಜಾರುವ ಹಲಗೆ, ಕೈಗೆ ಸಿಕ್ಕಿದವನಿಗೆ ಕೈಗೆ ಸಿಕ್ಕಿದ್ದರಿಂದ ಹೊಡೆತ. ಅದಕ್ಕೆ ಮೊದಲು ಟೀಚ್ ಯಾರನ್ನಾದರೂ ಕೈಯಾರೆ ಕೊಂದಿದ್ದ ಎನ್ನಲು ಗಟ್ಟಿ ದಾಖಲೆ ಸಿಕ್ಕಿಲ್ಲ ಎಂದು ಇತಿಹಾಸಕಾರರು ಬರೆಯುತ್ತಾರೆ. ಅವನ ಬಲವೆಲ್ಲ ವೇಷದಲ್ಲಿತ್ತು. ಎದೆ ಮುಟ್ಟುವ ಗಡ್ಡ, ಟೊಪ್ಪಿಗೆಯಡಿ ಹೊಗೆಯಾಡುವ ಬತ್ತಿಗಳು, ಎದೆಯ ಪಟ್ಟಿಯಲ್ಲಿ ಸಾಲು ಪಿಸ್ತೂಲು. ನಮ್ಮ ಬಣ್ಣದ ವೇಷ ಅಬ್ಬರಿಸಿ ಬಂದಾಗ ಮುಂದೆ ಕುಳಿತ ಮಕ್ಕಳು ಹಿಂದಕ್ಕೆ ಸರಿಯುವ ಹಾಗೆ, ಅವನನ್ನು ಕಂಡ ಹಡಗುಗಳು ಹೋರಾಡದೆ ಹಾಯಿ ಇಳಿಸುತ್ತಿದ್ದವು. ವೇಷ ಫಲ ಕೊಡದ ಒಂದೇ ದಿನ ಅವನು ಸತ್ತ.

ನಮ್ಮ ಕರಾವಳಿಗೂ ಈ ಲೋಕ ಹೊರಗಿನದಲ್ಲ. ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, ಕಡಲಿನಲ್ಲಿ ಹಡಗು ಹಿಡಿಯುತ್ತಿದ್ದವನೇ. 1510ರಲ್ಲಿ ಗೋವೆಯ ಮೇಲೆ ಹೋಗುವಂತೆ ಅಲ್ಬುಕರ್ಕನಿಗೆ ಹೇಳಿದವನು ಅವನು. ಕ್ಯಾಪ್ಟನ್ ಕಿಡ್ 1697ರ ಸೆಪ್ಟೆಂಬರ್‌ನಲ್ಲಿ ನೀರು ಸೌದೆಗೆಂದು ಕಾರವಾರಕ್ಕೆ ಬಂದಿದ್ದ. ಅಲ್ಲಿ ಇಂಗ್ಲಿಷರ ಕೋಠಿಯಿತ್ತು. ತಾನು ಕಡಲುಗಳ್ಳರನ್ನು ಹಿಡಿಯಲು ಬಂದವನೆಂದು ಹೇಳಿಕೊಂಡ. ಆದರೆ ಅವನ ಹಡಗಿನ ಕೆಲವರು ಕಾರವಾರದಲ್ಲೇ ಇಳಿದುಕೊಂಡು ಅವನ ಮನಸ್ಸಿನಲ್ಲಿ ಬೇರೆಯೇ ಇದೆ ಎಂದು ಕೋಠಿಯವರಿಗೆ ತಿಳಿಸಿದರು. 1701ರಲ್ಲಿ ಅವನನ್ನು ಲಂಡನ್ನಿನಲ್ಲಿ ಗಲ್ಲಿಗೆ ಹಾಕಿದರು. ಕಾರವಾರದ ಆ ದಂಡೆಯಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ. ಈ ಕಥೆಯನ್ನು ನಮ್ಮ ಕಡೆ ಯಾರಾದರೂ ಆಟ ಕಟ್ಟಿ ಆಡಿದ್ದನ್ನು ನಾನು ನೋಡಿಲ್ಲ. ಆಡಬೇಕು ಎಂದು ನನ್ನ ಆಸೆ.

ಒಕ್ರಕೋಕ್‌ನಿಂದ ಸೀಡರ್ ಐಲೆಂಡ್‌ಗೆ ಇನ್ನೊಂದು ಫೆರ್ರಿ ಹಿಡಿದು ಬೋಫರ್ಟ್ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. 1718ರ ಜೂನ್‌ನಲ್ಲಿ ಕ್ವೀನ್ ಆ್ಯನ್ಸ್ ರಿವೆಂಜ್ ಮರಳಿಗೆ ಸಿಕ್ಕಿಬಿದ್ದದ್ದು ಈ ಊರಿನ ಅಳಿವೆಯಲ್ಲಿ. 1996ರಲ್ಲಿ ಅವಶೇಷ ಪತ್ತೆಯಾಯಿತು. ಇಲ್ಲಿಯ ಕಡಲ ವಸ್ತುಸಂಗ್ರಹಾಲಯದಲ್ಲಿ ಅದರ ಫಿರಂಗಿ, ಸೀಸದ ಗುಂಡು, ವೈದ್ಯನ ಪಿಚಕಾರಿ ನೋಡಬಹುದು. ಹಡಗು ಮುಳುಗುವ ಹಿಂದಿನ ತಿಂಗಳು ಟೀಚ್ ಚಾರ್ಲ್ಸ್‌ಟನ್ ಬಂದರನ್ನೇ ಮುತ್ತಿ ಕೇಳಿದ್ದು ಚಿನ್ನವಲ್ಲ, ಔಷಧಿಯ ಪೆಟ್ಟಿಗೆ. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಒಂದು ಫಿರಂಗಿಯ ಹೊಟ್ಟೆಯಲ್ಲಿ ಗಟ್ಟಿಯಾಗಿ ಕುಳಿತಿದ್ದ ಚೂರುಗಳನ್ನು ಬಿಡಿಸಿದಾಗ ಅವು ಕಾಗದ ಎಂದು ತಿಳಿಯಿತು. ಹದಿನಾರು ಚೂರು, ಕೆಲವುಗಳಲ್ಲಿ ಅಕ್ಷರ. ಅಕ್ಷರ ಜೋಡಿಸಿ ಹುಡುಕಿದವರಿಗೆ 1712ರಲ್ಲಿ ಅಚ್ಚಾದ ಎಡ್ವರ್ಡ್ ಕುಕ್ ಅವರ ಸಮುದ್ರಯಾನದ ಪುಸ್ತಕ ಸಿಕ್ಕಿತು. ಯಾರೋ ಓದಿದ ಪ್ರವಾಸ ಕಥನವನ್ನೇ ಹರಿದು ಫಿರಂಗಿಗೆ ತುರುಕಿದ್ದರು. ಆ ಅಕ್ಷರಗಳು ಕಡಲ ಕೆಳಗೆ ಮುನ್ನೂರು ವರ್ಷ ಉಳಿದವು.

ರಿಚ್ಮಂಡಿಗೆ ಮರಳಿದ ಮೇಲೆ ಒಂದು ಸಂಜೆ ಮೊಮ್ಮಗಳು ಕೂದಲು ಎಳೆಯುವ ದೃಶ್ಯವನ್ನು ಹಿತ್ತಿಲಿನಲ್ಲಿ ಅಮ್ಮನ ಮೇಲೆ ಪ್ರಯೋಗ ಮಾಡಿದಳು. ಮುಷ್ಟಿಯನ್ನು ಸರಿಯಾಗಿಯೇ ಕಟ್ಟಿದಳು. "ಅಮ್ಮಾ, ಕೈ ನೀನೇ ಹಿಡ್ಕೋಬೇಕು, ನೀನು ಬಿಟ್ರೆ ನಾನು ನಿಲ್ಲಿಸ್ತೇನೆ" ಎಂದಳು.

ಊರಿಗೆ ಬಂದ ವಾರದಲ್ಲಿ ಆ ಹಳೆಯ ವಿದ್ಯಾರ್ಥಿಯನ್ನು ಹುಡುಕಿಕೊಂಡು ಹೋದೆ. ಈಗ ಅವನಿಗೆ ಸ್ವಂತ ದೋಣಿ ಇದೆ, ಇಬ್ಬರು ಮಕ್ಕಳು. ಹುಬ್ಬಿನ ಗೀರು ಹಾಗೇ ಇದೆ. ಅಂದಿನ ತಪ್ಪು ನನ್ನದು ಎಂದು ಹೇಳಿದೆ. "ಬಿಡಿ ಸರ್, ಆ ನಾಟಕ ಚೆನ್ನಾಗಿತ್ತು" ಎಂದ.

ಶಾಲೆಯ ವಾರ್ಷಿಕೋತ್ಸವಕ್ಕೆ, ಊರ ಹಬ್ಬಕ್ಕೆ, ಯುವಕ ಸಂಘದ ನಾಟಕಕ್ಕೆ ಮಕ್ಕಳ ಕೈಗೆ ಕತ್ತಿ ಕೊಡುವ ಎಲ್ಲ ಮೇಷ್ಟರಲ್ಲೂ ನನ್ನದೊಂದು ಕೋರಿಕೆ ಇದೆ. ಮಾತಿಗೆ ಕೊಡುವಷ್ಟು ದಿನಗಳನ್ನು ಕಾಳಗಕ್ಕೂ ಕೊಡಿ. ಅಂಚನ್ನು ಬೆರಳಿನಿಂದ ಸವರಿ ನೋಡಿ. ಪರದೆ ಏಳುವ ಮೊದಲು ಒಮ್ಮೆ ಇಡೀ ಕಾಳಗವನ್ನು ನಿಧಾನವಾಗಿ ಆಡಿಸಿ, ಆ ದಿನ ಎಷ್ಟೇ ಅವಸರವಿದ್ದರೂ.